ನುಂಗುವ ಸ್ನಾಯುಗಳಿಗೂ ಬೇಕು ಕಸರತ್ತು

ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವ ಎಷ್ಟೋ ಜನರಿಗೆ ಗುಟುಕು ನೀರೂ ನೆತ್ತಿಗೆ ಹತ್ತುತ್ತದೆ. ಮನೆಯವರು ಅನ್ನ ಬಿಟ್ಟು ಗಂಜಿ ಕೊಡುತ್ತಾರೆ. ಆದರೆ ಊಟ ಬದಲಾದ ಮಾತ್ರಕ್ಕೆ ಸೋತ ಸ್ನಾಯು ಬಲಗೊಳ್ಳುವುದಿಲ್ಲ. ಅದಕ್ಕೆಂದೇ ಇರುವ ಕಸರತ್ತುಗಳಲ್ಲಿ ಹೆಸರಾದದ್ದು ಶೇಕರ್ ವ್ಯಾಯಾಮ. ಅಮೆರಿಕದ ಮಿಲ್ವಾಕಿಯ ವೈದ್ಯ ರೆಜಾ ಶೇಕರ್ ಮತ್ತು ಸಂಗಡಿಗರು 1997ರಲ್ಲಿ ಇದರ ಬಗ್ಗೆ ಬರೆದರು.

ನುಂಗುವಾಗ ಗದ್ದದ ಕೆಳಗಿನ ಸ್ನಾಯುಗಳು ಧ್ವನಿಪೆಟ್ಟಿಗೆಯನ್ನು ಮೇಲಕ್ಕೂ ಮುಂದಕ್ಕೂ ಎಳೆಯುತ್ತವೆ. ಅನ್ನನಾಳದ ಬಾಯಿ ತೆರೆದುಕೊಳ್ಳಲು ಈ ಎಳೆತ ಬೇಕೇ ಬೇಕು. ಎಳೆತ ಸಾಲದಿದ್ದರೆ ತುತ್ತು ಗಂಟಲಲ್ಲೇ ಉಳಿದು ಶ್ವಾಸನಾಳಕ್ಕೆ ಜಾರಬಹುದು, ನ್ಯುಮೋನಿಯಾಕ್ಕೂ ದಾರಿಯಾಗಬಹುದು. ಕೆಲವರಿಗೆ ಹೀಗೆ ಜಾರಿದರೂ ಕೆಮ್ಮು ಬರುವುದಿಲ್ಲ. ಆದ್ದರಿಂದ ಮೊದಲ ಹೆಜ್ಜೆ ವ್ಯಾಯಾಮವಲ್ಲ, ತಪಾಸಣೆ. ನುಂಗುವ ತೊಂದರೆ ನೋಡುವ ವಾಕ್ ಚಿಕಿತ್ಸಕರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ದೊಡ್ಡ ಆಸ್ಪತ್ರೆಗಳಲ್ಲೂ ಇರುತ್ತಾರೆ. ಕತ್ತಿನ ಮೂಳೆಯ ತೊಂದರೆ ಇರುವವರಿಗೆ, ಉಸಿರಾಟಕ್ಕೆ ಕುತ್ತಿಗೆಯಲ್ಲಿ ಕೊಳವೆ ಹಾಕಿಸಿಕೊಂಡವರಿಗೆ ಶೇಕರ್ ವ್ಯಾಯಾಮ ಬೇಡ.

ಚಿಕಿತ್ಸಕರು ಒಪ್ಪಿದರೆ, ಚಾಪೆಯ ಮೇಲೆ ದಿಂಬಿಲ್ಲದೆ ಅಂಗಾತ ಮಲಗಿ. ಭುಜ ನೆಲ ಬಿಡದಂತೆ ತಲೆಯನ್ನಷ್ಟೇ ಎತ್ತಿ, ಕಾಲ್ಬೆರಳು ನೋಡಿ. ಉಸಿರು ಕಟ್ಟಬೇಡಿ. 60 ಸೆಕೆಂಡು ಹಾಗೇ ಹಿಡಿದು, ತಲೆ ಇಳಿಸಿ 60 ಸೆಕೆಂಡು ಸುಧಾರಿಸಿಕೊಳ್ಳಿ. ಹೀಗೆ 3 ಸಲ. ಆಮೇಲೆ ಹಿಡಿದು ನಿಲ್ಲಿಸದೆ 30 ಬಾರಿ ತಲೆ ಎತ್ತಿ ಇಳಿಸಿ. ದಿನಕ್ಕೆ 3 ಹೊತ್ತು, 6 ವಾರ ಮಾಡಬೇಕೆಂಬುದು ಮೂಲ ಕ್ರಮ.

ಓದಲು ಸುಲಭ! ಮಾಡಿ ನೋಡಿದರೆ ಆರೋಗ್ಯವಂತರಿಗೂ ಅರ್ಧ ನಿಮಿಷಕ್ಕೇ ಕತ್ತು ನಡುಗಬಹುದು, ಏಕೆಂದರೆ ಗದ್ದದ ಕೆಳಗಿನವುಗಳಿಗಿಂತ ಮೊದಲು ದಣಿಯುವುದು ಕತ್ತಿನ ಪಕ್ಕದ ಸ್ನಾಯುಗಳು. ಎಪ್ಪತ್ತು ದಾಟಿದ ಅಜ್ಜನಿಗೆ ಮೊದಲ ದಿನವೇ ಪೂರ್ತಿ ಲೆಕ್ಕ ಒಪ್ಪಿಸುವುದು ನನಗೆ ಸರಿಕಾಣದು. ಆಗುವಷ್ಟರಿಂದ ಶುರುಮಾಡಿ, ಚಿಕಿತ್ಸಕರನ್ನು ಕೇಳಿ ಹೆಚ್ಚಿಸುತ್ತ ಹೋದರೆ ಸಾಕು.

ಮಲಗಿ ಮಾಡಲಾಗದವರಿಗೆ ಸಿಂಗಪುರದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಇನ್ನೊಂದು ಬಗೆ ಇದೆ. ಕುರ್ಚಿಯಲ್ಲಿ ನೇರ ಕೂತು, ಗದ್ದ ಮತ್ತು ಎದೆಯ ನಡುವೆ ಗಾಳಿ ತುಂಬಿದ ಮೆತ್ತನೆಯ ರಬ್ಬರ್ ಚೆಂಡು ಇಟ್ಟುಕೊಂಡು ಗದ್ದದಿಂದ ಒತ್ತುವುದು. ಮೊದಲು ಒತ್ತಿ ಹಿಡಿಯುವುದು, ಆಮೇಲೆ ಒತ್ತಿ ಬಿಡುವುದು. ಕತ್ತಿಗೆ ಶ್ರಮ ಕಡಿಮೆ, ಟೀವಿ ಮುಂದೆ ಕೂತೂ ಮಾಡಬಹುದು.

ಯಾವುದನ್ನೇ ಮಾಡಿ, ಬಾಯಲ್ಲಿ ತುತ್ತು ಇರಬಾರದು. ತಲೆಸುತ್ತು ಬಂದರೆ, ಕತ್ತು ನೋಯತೊಡಗಿದರೆ ಅಲ್ಲಿಗೇ ನಿಲ್ಲಿಸಿ. ಊಟದ ನಂತರ ದನಿ ಗೊರಗೊರ ಎಂದರೆ, ಪದೇ ಪದೇ ಜ್ವರ ಬಂದರೆ 6 ವಾರ ಮುಗಿಯಲೆಂದು ಕಾಯದೆ ವೈದ್ಯರಿಗೆ ತೋರಿಸಿ.