ಬೈಕ್ ಕಲಿಯುವುದಾ? ಮೊದಲು ನಿಧಾನಕ್ಕೆ ಬಿಡಲು ಕಲಿಯಿರಿ

ಸ್ಪೀಡಾಗಿ ಬೈಕ್ ಬಿಡುವುದು ದೊಡ್ಡ ಕಷ್ಟ ಅಲ್ಲ. ನೇರ ರಸ್ತೆ ಸಿಕ್ಕಿದರೆ ನಲ್ವತ್ತರ ಸ್ಪೀಡಲ್ಲಿ ಬೈಕ್ ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ. ಕಷ್ಟ ಇರುವುದು ಮನುಷ್ಯ ನಡೆಯುವಷ್ಟು ನಿಧಾನಕ್ಕೆ, ಕಾಲು ಕೆಳಗಿಡದೆ ಹೋಗುವುದರಲ್ಲಿ. ಮಂಗಳೂರಿನ ನಂತೂರು ಸರ್ಕಲಿನಲ್ಲಿ ಲಾರಿ ಹಿಂದೆ ತೆವಳುವಾಗ, ಹಂಪನಕಟ್ಟೆಯಲ್ಲಿ ಬಸ್ಸಿನ ಪಕ್ಕದಿಂದ ಹೊರಡುವಾಗ, ಮನೆ ಅಂಗಳದಿಂದ ಏರು ಹತ್ತಿ ರಸ್ತೆಗೆ ಬರುವಾಗ ಬೇಕಾಗುವುದು ಅದೇ. ಕಳೆದ ಬೇಸಿಗೆಯಲ್ಲಿ ನನ್ನ ತಂಗಿಗೆ ಬೈಕ್ ಕಲಿಸಿದೆ. ಮೊದಲ ನಾಲ್ಕು ದಿನ ಎರಡನೇ ಗೇರ್ ಮುಟ್ಟಲಿಕ್ಕೇ ಬಿಡಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು, ಆದರೆ ಈಗ ಕೇಳಿದರೆ ಆ ನಾಲ್ಕು ದಿನವೇ ಉಪಯೋಗಕ್ಕೆ ಬಂದದ್ದು ಅನ್ನುತ್ತಾಳೆ.

ಮೊದಲು ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್ ಮಾಡಿಸಿ. ಗೇರ್ ಬೈಕಿಗೆ 18 ವರ್ಷ ತುಂಬಿರಬೇಕು. ಲೈಸೆನ್ಸಿನ ಸರಕಾರಿ ವೆಬ್‌ಸೈಟ್ ಸಾರಥಿಯಲ್ಲಿ ಅರ್ಜಿ ಹಾಕುವಾಗ ಗೇರ್ ಇರುವ ಬೈಕ್ ಅಂತಲೇ ಆರಿಸಿ, ಗೇರ್ ಇಲ್ಲದ್ದಕ್ಕೆ ಟಿಕ್ ಹಾಕಿದರೆ ಮುಂದೆ ಸ್ಕೂಟರ್ ಮಾತ್ರ ಬಿಡಬಹುದು. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ, 30 ದಿನ ಆದ ಮೇಲೆ ಲೈಸೆನ್ಸ್ ಟೆಸ್ಟಿಗೆ ಹೋಗಬಹುದು. ಅಲ್ಲಿಯವರೆಗೆ ಬಿಳಿ ಹಲಗೆಯಲ್ಲಿ ಕೆಂಪು ಎಲ್ ಇರಲೇಬೇಕು. ಹಿಂದೆ ಕೂರುವುದಾದರೆ ಲೈಸೆನ್ಸ್ ಇದ್ದು ನಿಮಗೆ ಕಲಿಸುವವರು ಮಾತ್ರ. ಹೆಲ್ಮೆಟ್ ಐಎಸ್‌ಐ ಗುರುತಿನದ್ದೇ ತೆಗೆದುಕೊಳ್ಳಿ, ಪಟ್ಟಿ ಹಾಕಿ ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು, ಸಡಿಲ ಇದ್ದರೆ ಅದು ನಿಮ್ಮ ಸೈಜ್ ಅಲ್ಲ. ಕಾಲಿಗೆ ಶೂ. ಹವಾಯಿ ಚಪ್ಪಲಿಯಲ್ಲಿ ಗೇರ್ ಹಾಕುವಾಗ ಬೆರಳು ಜಾರುತ್ತದೆ. ಚೂಡಿದಾರ್ ಹಾಕುವವರು ವೇಲನ್ನು ಬಿಗಿಯಾಗಿ ಕಟ್ಟಿಕೊಳ್ಳಿ, ಚೈನಿಗೋ ಚಕ್ರಕ್ಕೋ ಸಿಕ್ಕಿದರೆ ತುಂಬಾ ಅಪಾಯ.

ಬೈಕ್ ಯಾವುದು? ಮನೆಯಲ್ಲಿರುವ ಸಣ್ಣದೇ ಸಾಕು. ಸ್ಪ್ಲೆಂಡರ್ ಸುಮಾರು 110 ಕಿಲೋ, ಕ್ಲಾಸಿಕ್ 350 ಹತ್ತಿರ ಹತ್ತಿರ 195 ಕಿಲೋ. ವಾಲಲು ಶುರುವಾದರೆ ಮೊದಲನೆಯದನ್ನು ಹಿಡಿದು ನಿಲ್ಲಿಸಬಹುದು, ಎರಡನೆಯದನ್ನು ಕಲಿಯುವವರು ಹಿಡಿಯಲಿಕ್ಕೆ ಹೋಗಬಾರದು. ಗೇರ್ ಹೇಗೆ ಬೀಳುತ್ತದೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಸ್ಪ್ಲೆಂಡರಿನಲ್ಲಿ ಎಡಗಾಲಿನ ಗೇರ್ ಪೆಡಲಿನ ಮುಂದಿನ ತುದಿಯನ್ನು ಕೆಳಕ್ಕೆ ಒತ್ತಿದರೆ ನಾಲ್ಕೂ ಗೇರ್ ಬೀಳುತ್ತವೆ. ಈಗಿನ ಐದು ಗೇರಿನ ಹೆಚ್ಚಿನ ಬೈಕುಗಳಲ್ಲಿ ಒಂದನೆಯದು ಕೆಳಗೆ, ಉಳಿದವೆಲ್ಲ ಮೇಲೆ.

ಜಾಗ ಅಂದರೆ ನಮ್ಮಲ್ಲಿ ಕೊಯ್ಲು ಆಗಿ ಒಣಗಿದ ಗದ್ದೆಯಷ್ಟು ಒಳ್ಳೆಯದು ಬೇರೆ ಇಲ್ಲ. ಬಿದ್ದರೂ ಮಣ್ಣು, ಎದುರಿನಿಂದ ಯಾರೂ ಬರುವುದಿಲ್ಲ. ಗದ್ದೆಯವರ ಹತ್ತಿರ ಒಂದು ಮಾತು ಕೇಳಿ ಇಳಿಸಿ. ಪೇಟೆಯವರಾದರೆ ಆದಿತ್ಯವಾರ ಬೆಳಿಗ್ಗೆ ಶಾಲೆ ಮೈದಾನವನ್ನು ಕೇಳಿ ನೋಡಿ. ಬೀಚ್ ಹತ್ತಿರ ಖಾಲಿ ರಸ್ತೆ ಉಂಟಲ್ಲ ಅಂತ ಪಣಂಬೂರಿಗೋ ಮಲ್ಪೆಗೋ ಹೋಗಬೇಡಿ, ಟಾರಿನ ಮೇಲೆ ಹರಡಿದ ತೆಳ್ಳನೆ ಮರಳು ಹೊಸಬರಿಗೆ ಕಾಣುವುದೇ ಇಲ್ಲ.

ಮೊದಲ ಅರ್ಧ ಗಂಟೆ ಇಂಜಿನ್ ಸ್ಟಾರ್ಟ್ ಮಾಡುವುದೇ ಬೇಡ. ಬೈಕಿನ ಎಡಗಡೆ ನಿಂತು ಹ್ಯಾಂಡಲ್ ಹಿಡಿದು ದೂಡಿಕೊಂಡು ಗದ್ದೆಗೆ ಎರಡು ಸುತ್ತು ಬನ್ನಿ. ಎಷ್ಟು ವಾಲಿದರೆ ಭಾರ ಕೈಗೆ ಬರುತ್ತದೆ, ಬ್ರೇಕ್ ಎಷ್ಟು ಹಿಡಿದರೆ ನಿಲ್ಲುತ್ತದೆ ಅಂತ ಮೈಗೆ ಗೊತ್ತಾಗುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿ ತೆಗೆದು ಹತ್ತು ಸಲ ಮಾಡಿ.

ಇನ್ನು ಕ್ಲಚ್, ಅಂದರೆ ಎಡಗೈಯಲ್ಲಿ ಹಿಡಿಯುವ ಲಿವರ್. ಇದಕ್ಕೆ ಎಷ್ಟು ಹೊತ್ತು ಕೊಟ್ಟರೂ ಜಾಸ್ತಿ ಆಗುವುದಿಲ್ಲ. ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಹಿಡಿದು ಒಂದನೇ ಗೇರ್ ಹಾಕಿ, ಎರಡೂ ಪಾದ ನೆಲದ ಮೇಲೆ ಇರಲಿ. ಆಕ್ಸಿಲರೇಟರ್ ಮುಟ್ಟಬೇಡಿ. ಈಗ ಕ್ಲಚ್ಚನ್ನು ಭತ್ತದ ಕಾಳಿನಷ್ಟು, ಇನ್ನೊಂದು ಕಾಳಿನಷ್ಟು ಅಂತ ಬಿಡುತ್ತಾ ಬನ್ನಿ. ಒಂದು ಕಡೆ ಇಂಜಿನ್ ಶಬ್ದ ಸ್ವಲ್ಪ ಇಳಿಯುತ್ತದೆ, ಹ್ಯಾಂಡಲ್ ಸಣ್ಣಕೆ ನಡುಗುತ್ತದೆ, ಬೈಕ್ ಮುಂದಕ್ಕೆ ಹೋಗಲು ಮನಸ್ಸು ಮಾಡಿದ ಹಾಗೆ ಆಗುತ್ತದೆ. ಅದೇ ಹಾಫ್ ಕ್ಲಚ್. ಅಲ್ಲಿಗೇ ಬೆರಳು ನಿಲ್ಲಿಸಿ. ಬೈಕ್ ತಾನಾಗಿಯೇ ಒಂದು ಮಾರು ಹೋಗುತ್ತದೆ, ಕ್ಲಚ್ ಹಿಡಿಯಿರಿ, ನಿಲ್ಲಿಸಿ, ಮತ್ತೆ ಬಿಡಿ. ತಂಗಿಗೆ ಆವತ್ತು ಮೂವತ್ತು ಸಲವಾದರೂ ಇಂಜಿನ್ ಆಫ್ ಆಗಿರಬಹುದು. ಆಮೇಲೆ ಒಮ್ಮೆ ಭತ್ತದ ಕೂಳೆಯ ಮೇಲೆ ಪಾದ ಎಳೆಯುತ್ತಾ, ಉಸಿರು ಬಿಗಿ ಹಿಡಿದು, "ಅಣ್ಣಾ, ಇದು ಹೋಗ್ತಾ ಉಂಟು!" ಅಂದಳು. ಆಕ್ಸಿಲರೇಟರ್ ಇನ್ನೂ ಕೊಟ್ಟಿರಲಿಲ್ಲ. ಬೈಕನ್ನು ಹೊರಡಿಸುವುದು ಎಡಗೈ ಅಂತ ಅವಳಿಗೆ ಆ ಕ್ಷಣ ಗೊತ್ತಾಯಿತು.

ಅದು ಕೈಗೆ ಕೂತ ಮೇಲೆ ಪಾದ ಮೇಲೆ ತೆಗೆಯಿರಿ, ಸ್ವಲ್ಪ ಆಕ್ಸಿಲರೇಟರ್ ಕೊಡಿ, ಹಿಂದಿನ ಬ್ರೇಕನ್ನು ಮುಟ್ಟಿದ ಹಾಗೆ ಒತ್ತಿಕೊಂಡು ಹಾಫ್ ಕ್ಲಚ್ಚಿನಲ್ಲೇ ದೊಡ್ಡ ಸುತ್ತು ಹೊಡೆಯಿರಿ. ಸುತ್ತನ್ನು ದಿನಾ ಸಣ್ಣ ಮಾಡುತ್ತಾ ಬಂದು ಕಡೆಗೆ ಎಂಟು ಹಾಕಿ, ಅಂದರೆ 8ರ ಆಕಾರದಲ್ಲಿ ಸುತ್ತಿ. ಟೆಸ್ಟಿನಲ್ಲಿ ಎಂಟು ಹಾಕಿಸುವುದು ಸುಮ್ನೆ ಅಲ್ಲ, ನಿಧಾನದಲ್ಲಿ ಬೈಕ್ ನಿಮ್ಮ ಮಾತು ಕೇಳುತ್ತದಾ ಅಂತ ಅಲ್ಲಿ ಕಾಣುತ್ತದೆ. ಕಣ್ಣು ಮುಂದಿನ ಚಕ್ರದ ಮೇಲೆ ಇದ್ದರೆ ಕಾಲು ಕೆಳಗೆ ಬಂತು ಅಂತಲೇ ಲೆಕ್ಕ. ಗಲ್ಲ ತಿರುಗಿಸಿ ನೀವು ಹೋಗಬೇಕಾದ ಕಡೆ ನೋಡಿ, ಬೈಕ್ ಕಣ್ಣಿನ ಹಿಂದೆಯೇ ಬರುತ್ತದೆ.

ಬ್ರೇಕಿನ ವಿಷಯದಲ್ಲಿ "ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಆಗ್ತದೆ" ಅಂತ ನಮ್ಮಲ್ಲಿ ಎಲ್ಲರೂ ಹೆದರಿಸುತ್ತಾರೆ. ಅದು ತಪ್ಪು. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬರುತ್ತದೆ, ಹಾಗಾಗಿ ಬೈಕನ್ನು ಜಾಸ್ತಿ ನಿಲ್ಲಿಸುವುದು ಮುಂದಿನ ಚಕ್ರವೇ. ಎರಡನ್ನೂ ಒಟ್ಟಿಗೆ ಹಾಕಿ, ಮುಂದಿನದನ್ನು ಕಾಯಿಹಾಲು ಹಿಂಡುವ ಹಾಗೆ, ಮೊದಲು ಮೆಲ್ಲಗೆ, ಆಮೇಲೆ ಬಿಗಿಯಾಗಿ. ಆದರೆ ಹ್ಯಾಂಡಲ್ ತಿರುಗಿರುವಾಗ, ಜಲ್ಲಿ ಮರಳಿನ ಮೇಲೆ ಇರುವಾಗ ಮುಂದಿನ ಬ್ರೇಕ್ ಬೇಡವೇ ಬೇಡ. ಕಲಿತ ಹೊಸತರಲ್ಲಿ ನಮ್ಮ ಊರಿನ ಮಣ್ಣು ರಸ್ತೆಯ ತಿರುವಿನಲ್ಲಿ, ಕೆಂಪುಕಲ್ಲಿನ ಜಲ್ಲಿ ಮೇಲೆ ಅದನ್ನು ಗಬಕ್ಕನೆ ಹಿಡಿದು ಬಿದ್ದವ ನಾನು, ಮೊಣಕೈಯ ಕಲೆ ಇನ್ನೂ ಉಂಟು. 2019ರ ಏಪ್ರಿಲಿನಿಂದ 125 ಸಿಸಿ ಮೇಲಿನ ಹೊಸ ಬೈಕುಗಳಿಗೆ ಎಬಿಎಸ್ (ಬ್ರೇಕ್ ಗಟ್ಟಿ ಹಿಡಿದರೂ ಚಕ್ರ ಲಾಕ್ ಆಗಿ ಜಾರದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಕಡ್ಡಾಯ ಆಗಿದೆ. ಮನೆಯ ಹಳೇ ಬೈಕಿನಲ್ಲಿ ಅದು ಇರುವುದಿಲ್ಲ ಅಂತ ನೆನಪಿಡಿ. 20ರ ಸ್ಪೀಡಲ್ಲಿ ಹೋಗಿ ನಿಲ್ಲಿಸುವುದು, ಆಮೇಲೆ 30ರಲ್ಲಿ, ಇದನ್ನು ಗದ್ದೆಯಲ್ಲಿ ಅಲ್ಲ, ಖಾಲಿ ಟಾರ್ ರಸ್ತೆಯಲ್ಲಿ ಅಭ್ಯಾಸ ಮಾಡಿ.

ಎರಡು, ಮೂರು, ನಾಲ್ಕನೇ ಗೇರ್ ಒಂದೇ ದಿನದಲ್ಲಿ ಬರುತ್ತದೆ. ಇಂಜಿನ್ ಕೂಗಿದರೆ ಮೇಲಿನ ಗೇರ್, ಕೆಮ್ಮಿದರೆ ಕೆಳಗಿನದ್ದು. ನಿಲ್ಲುವ ಮೊದಲೇ ಒಂದಕ್ಕೆ ಇಳಿಸಿ, ಅಷ್ಟೆ.

ಏರಿನಲ್ಲಿ ನಿಂತು ಹೊರಡುವುದನ್ನು ಮಾತ್ರ ಬೇರೆಯೇ ಕಲಿಯಬೇಕು, ಯಾಕೆಂದರೆ ಮಂಗಳೂರು ಅಂದರೆ ಗುಡ್ಡೆ, ಉಡುಪಿಯಿಂದ ಮಣಿಪಾಲಕ್ಕೂ ಏರೇ. ಎಡಗಾಲು ನೆಲಕ್ಕೆ, ಬಲಗಾಲು ಹಿಂದಿನ ಬ್ರೇಕಿಗೆ. ಶಬ್ದ ಇಳಿಯುವವರೆಗೆ ಕ್ಲಚ್ ಬಿಡಿ, ಆಕ್ಸಿಲರೇಟರ್ ಕೊಡಿ, ಬೈಕ್ ಮುಂದಕ್ಕೆ ಎಳೆಯುವುದು ಗೊತ್ತಾದ ಮೇಲೆಯೇ ಬ್ರೇಕ್ ಬಿಡಿ. ಮೊದಲು ಊರಿನ ಸಣ್ಣ ಏರಿನಲ್ಲಿ ಮಾಡಿ, ಆಮೇಲೆ ಬೆಳಿಗ್ಗೆ ಆರು ಗಂಟೆಗೆ ಲೈಟ್‌ಹೌಸ್ ಹಿಲ್ ರಸ್ತೆ.

ರಸ್ತೆಗೆ ಬಂದಾಗ ಹೊಸಬರು ಹೆದರುವುದು ಬಸ್ಸಿಗೆ. ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನ್ ಕೇಳಿದ ತಕ್ಷಣ ರಸ್ತೆಯಿಂದ ಕೆಳಗೆ ಇಳಿಸಬೇಡಿ. ಕಾಂಕ್ರೀಟ್ ರಸ್ತೆಯ ಅಂಚು ಎಷ್ಟೋ ಕಡೆ ಗೇಣುದ್ದ ಎತ್ತರ ಇರುತ್ತದೆ, ಇಳಿದರೂ ಬೀಳುತ್ತೀರಿ, ಹತ್ತಲು ಹೋದರೂ ಬೀಳುತ್ತೀರಿ. ಎಡಗಡೆ ನಿಮ್ಮ ಸಾಲು ಬಿಡದೆ ಆಕ್ಸಿಲರೇಟರ್ ಸ್ವಲ್ಪ ಕಡಿಮೆ ಮಾಡಿ, ಅದು ಹೋಗಲಿ. ಮುಂದೆ ಸ್ಟಾಪ್ ಇದ್ದರೆ ಆ ಬಸ್ ನಿಮ್ಮ ಎದುರಿಗೇ ಎಡಕ್ಕೆ ಬಂದು ನಿಲ್ಲುತ್ತದೆ ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಿ. ಹೆದ್ದಾರಿ 66ಕ್ಕೆ ಒಂದು ತಿಂಗಳಾದರೂ ಹೋಗುವುದು ಬೇಡ. ಆಗುಂಬೆ ಘಾಟಿಯ ಆಸೆ ಎಲ್ಲರಿಗೂ ಇರುತ್ತದೆ ಅಲ್ವಾ, ಅದು ಇನ್ನೂ ದೂರದ ಮಾತು.

ಮಳೆಗಾಲದಲ್ಲಿ ಕಲಿಯಲು ಶುರು ಮಾಡದಿದ್ದರೆ ಒಳ್ಳೆಯದು. ಕಲಿತವರೂ ಜೂನ್ ಬಂದ ಮೇಲೆ ಒಮ್ಮೆ ಹೊಸದಾಗಿಯೇ ಕಲಿಯಬೇಕು. ಮೊದಲ ಮಳೆಗೆ ರಸ್ತೆಯ ಎಣ್ಣೆ ಮೇಲೆ ಬರುತ್ತದೆ. ತೋಟದ ನಡುವಿನ ಸಪೂರ ಕಾಂಕ್ರೀಟ್ ರಸ್ತೆಯಲ್ಲಿ ಬದಿಗೆ ಹಸಿರು ಪಾಚಿ ಹಿಡಿದಿರುತ್ತದೆ, ಟೈರ್ ಓಡಿ ಸವೆದ ಸಾಲಿನಲ್ಲೇ ಹೋಗಿ. ಮೀನಿನ ಗಾಡಿಯ ಹಿಂದೆ ಮಳೆ ಇಲ್ಲದ ದಿನವೂ ದೂರ ಇರಿ, ಅದರಿಂದ ಸೋರುವ ನೀರು ತಿರುವಿನಲ್ಲಿ ಸೋಪಿನ ಹಾಗೆ. ರೈನ್‌ಕೋಟ್ ಯಾವಾಗಲೂ ಬೈಕಿನಲ್ಲಿರಲಿ. ಹಿಂದೆ ಕೂತವರು ಕೊಡೆ ಬಿಡಿಸುತ್ತೇನೆ ಅಂದರೆ ಅದು ಅಮ್ಮನೇ ಆಗಿರಲಿ, ಗಾಡಿ ಬದಿಗೆ ನಿಲ್ಲಿಸಿ ಮಡಚಿಸಿ. ಗಾಳಿ ಕೊಡೆಯನ್ನು ಎಳೆದರೆ ಮೊದಲು ವಾಲುವುದು ಅವರು, ಅವರ ಜೊತೆಗೆ ಬೈಕ್.