ಕಾರ್ಕ್‌ನಲ್ಲಿ ಗೈಡ್ ಇಟ್ಟುಕೊಂಡೆ, ಮೂರನೇ ಸಲಕ್ಕೆ ಸರಿಹೋಯಿತು

ಅಪ್ಪ ಅಮ್ಮನಿಗೆ ಐರ್ಲೆಂಡಿನ ಕಾರ್ಕ್ ನಗರ ತೋರಿಸಲು ಗೈಡ್ ಇಟ್ಟುಕೊಳ್ಳುತ್ತೇನೆ ಅಂದಾಗ ಡಬ್ಲಿನ್‌ನ ನಮ್ಮ ಕನ್ನಡದ ಗೆಳೆಯರೆಲ್ಲ ನಕ್ಕಿದ್ದರು. "ಎಂಟುನೂರು ಯೂರೋನಾ? ಅಷ್ಟರಲ್ಲಿ ಒಬ್ಬರು ದಾವಣಗೆರೆಗೆ ಹೋಗಿ ಬರಬಹುದಲ್ಲಪ್ಪಾ" ಅಂತ ಒಬ್ಬ ಅಂದ. ಅವನೇ ಹೋದ ವಾರ ಫೋನ್ ಮಾಡಿ ಗೈಡ್ ನಂಬರ್ ಕೇಳಿದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಸ್ಸು ರೈಲಿಗೆ ಬಳಸುವ ಲೀಪ್ ಕಾರ್ಡ್, ರೈಲು ಟಿಕೆಟ್ ಮೊದಲೇ ತೆಗೆಯುವುದು, ಇದೆಲ್ಲ ನಿಮಗೆ ಗೊತ್ತು, ಬಿಡಿ.

ಮೊದಲ ಸೋಲು ಅತ್ತೆ ಮಾವ ಬಂದಾಗ. ಡಬ್ಲಿನ್‌ನಿಂದ ಒಂದು ದಿನದ ಬಸ್ ಟೂರ್, ತಲೆಗೆ ಸುಮಾರು 80 ಯೂರೋ, ನಾಲ್ಕು ಜನ. ಬೆಳಗ್ಗೆ ಏಳಕ್ಕೆ ಹತ್ತಿ ರಾತ್ರಿ ಎಂಟಕ್ಕೆ ಇಳಿದೆವು, ಅದರಲ್ಲಿ ಮುಕ್ಕಾಲು ಪಾಲು ಬಸ್ಸಲ್ಲೇ. ಕಾರ್ಕ್ ಹತ್ತಿರದ ಬ್ಲಾರ್ನಿ ಕೋಟೆಯಲ್ಲಿ ಸುತ್ತು ಮೆಟ್ಟಿಲು ನೂರರ ಮೇಲಿವೆ, ಮಾವ ಕೆಳಗೆ ಬೆಂಚಿನ ಮೇಲೆ ಕೂತುಬಿಟ್ಟರು. ತುದಿಯಲ್ಲಿ ಅಂಗಾತ ಮಲಗಿ, ತಲೆ ಕೆಳಗೆ ಬಿಟ್ಟು ಕಲ್ಲಿಗೆ ಮುತ್ತು ಕೊಟ್ಟರೆ ಮಾತು ಚೆನ್ನಾಗಿ ಬರುತ್ತದಂತೆ. ಅತ್ತೆ ಒಂದೇ ಪ್ರಶ್ನೆ ಕೇಳಿದರು: "ಅಷ್ಟು ಜನರ ಎಂಜಲು ಕಲ್ಲಿಗಾ?" ಊರು ನೋಡಲು ಸಿಕ್ಕಿದ್ದು ಮುಕ್ಕಾಲು ಗಂಟೆ. ಅದು ಟಾಯ್ಲೆಟ್ ಕ್ಯೂ ಮತ್ತು ಕಾಫಿಗೆ ಹೋಯಿತು.

ಎರಡನೇ ಸಲ ಗೆಳೆಯರ ಜೊತೆ ಹೋದೆ. ಆನ್‌ಲೈನ್‌ನಲ್ಲಿ "ಪ್ರೈವೇಟ್ ಗೈಡ್, ಕಾರ್ ಸಮೇತ" ಅಂತಿದ್ದವರನ್ನು ಹಿಡಿದೆ. 380 ಯೂರೋ ಕೊಟ್ಟ ನೆನಪು. ಬಂದವನು ಒಳ್ಳೆಯ ಡ್ರೈವರ್, ಅಷ್ಟೇ. ಏನು ಕೇಳಿದರೂ ಫೋನ್ ನೋಡಿ ಓದುತ್ತಿದ್ದ, ಸ್ವೆಟರ್ ಅಂಗಡಿಯಲ್ಲಿ ಮಾತ್ರ ಒಂದು ಗಂಟೆ ನಿಲ್ಲಿಸಿದ. ತಪ್ಪು ನನ್ನದೂ ಇತ್ತು. ರೇಟು ಬಿಟ್ಟರೆ ನಾನು ಏನೂ ಕೇಳಿರಲಿಲ್ಲ. ಇಲ್ಲಿ ಫಾಲ್ಚೆ ಐರ್ಲೆಂಡ್ ಅನ್ನೋ ಸರ್ಕಾರಿ ಪ್ರವಾಸೋದ್ಯಮ ಸಂಸ್ಥೆಯ ಮಾನ್ಯತೆಯ ಬ್ಯಾಡ್ಜ್ ಇರುವ ಗೈಡ್‌ಗಳಿದ್ದಾರೆ. ಅದನ್ನು ಕೇಳಬೇಕು ಅಂತ ಆಗ ಹೊಳೆಯಲೇ ಇಲ್ಲ.

ಮೂರನೇ ಸಲ ಲೆಕ್ಕ ಹಾಕಿ ನೋಡಿದೆ. ದುಡ್ಡು ತಿನ್ನುವುದು ಗೈಡ್ ಅಲ್ಲ, ಕಾರು. ಕಾರ್ ಸಮೇತ ಇಡೀ ದಿನಕ್ಕೆ 550, 600 ಅಂತ ಹೇಳುತ್ತಿದ್ದರು. ಬರೀ ನಡಿಗೆಗೆ, ಮೂರು ಗಂಟೆಗೆ, 180ಕ್ಕೆ ಒಬ್ಬರು ಒಪ್ಪಿದರು. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 45. ಕಾರ್ಕ್‌ನ ನಡು ಊರು ಲೀ ನದಿಯ ಎರಡು ಕವಲುಗಳ ನಡುವಿನ ದ್ವೀಪ, ಅಲ್ಲಿ ಕಾರು ತಗೊಂಡು ಏನು ಮಾಡೋದು? ಹಾಗಾಗಿ ಅರ್ಧ ದಿನ ಊರು ನಡೆದು, ಅರ್ಧ ದಿನ ಗೈಡನ್ನೇ ರೈಲಲ್ಲಿ ಕರಕೊಂಡು ಪಕ್ಕದ ಬಂದರು ಊರು ಕೋವ್‌ಗೆ, ಒಂದೇ ಒಂದು ದಿನ ಕಾರು. ನನ್ನ ವಿಧಾನ ಅಂದರೆ ಇಷ್ಟೇ. ಗೈಡ್ ಅರವತ್ತರ ಆಸುಪಾಸಿನವರು, ಹಿಂದೆ ಶಾಲೆಯಲ್ಲಿ ಇತಿಹಾಸ ಪಾಠ ಮಾಡಿದವರು. ಅವರನ್ನು ಹುಡುಕಿದ್ದು ಹೇಗೆ ಅಂತ ಇಲ್ಲಿ ಹೇಳಲ್ಲ. ಬೇಸಿಗೆಯಲ್ಲಿ ಅವರು ನನಗೇ ಸಿಗದಂತಾದರೆ ಕಷ್ಟ.

ಮೊದಲ ಅರ್ಧ ಗಂಟೆಯಲ್ಲೇ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿತು. ಸೇಂಟ್ ಪ್ಯಾಟ್ರಿಕ್ಸ್ ಸ್ಟ್ರೀಟ್ ಯಾಕೆ ಹಾಗೆ ಬಾಗಿದೆ ಅಂತ ಕೇಳಿದರು. ಅದು ಮೊದಲು ನೀರಿನ ಕಾಲುವೆ, ಹಡಗು ಬರುತ್ತಿದ್ದ ಜಾಗ, ಆಮೇಲೆ ಮುಚ್ಚಿ ರಸ್ತೆ ಮಾಡಿದ್ದು. ಸೌತ್ ಮಾಲ್‌ನಲ್ಲಿ ಹಳೇ ಮನೆಗಳ ಬಾಗಿಲಿಗೆ ಮೆಟ್ಟಿಲು ಹತ್ತಿ ಹೋಗಬೇಕು, ಮೆಟ್ಟಿಲ ಪಕ್ಕ ಕೆಳಗೊಂದು ಸಣ್ಣ ಬಾಗಿಲು. ಅದು ದೋಣಿ ಇಡುವ ಕೋಣೆಯದಂತೆ. ಆ ಬೀದಿಯಲ್ಲಿ ನಾನು ಹತ್ತು ಸಲ ಓಡಾಡಿದ್ದೆ, ಒಂದು ಸಲವೂ ಕಂಡಿರಲಿಲ್ಲ.

ಸಮಸ್ಯೆ ಬಂದಿದ್ದು ಅಮ್ಮನಿಗೆ. ಇಂಗ್ಲಿಷ್ ಅಷ್ಟಾಗಿ ಬರಲ್ಲ. ಕಿವಿಗೆ ಇಯರ್‌ಫೋನ್ ಹಾಕಿ ಅನುವಾದದ ಆ್ಯಪ್ ಹಚ್ಚಿಕೊಟ್ಟೆ, ಭಾರಿ ಪ್ಲಾನ್ ಅಂದುಕೊಂಡು. ಕಾರ್ಕ್ ಜನರ ಮಾತು ರಾಗ ಎಳೆದ ಹಾಗೆ ಮೇಲೆ ಕೆಳಗೆ ಹೋಗುತ್ತದೆ, ಆ್ಯಪ್‌ಗೆ ತಲೆಬುಡ ಸಿಗಲಿಲ್ಲ. ಬೆಣ್ಣೆ (ಬಟರ್) ಮಾರುಕಟ್ಟೆಯ ಕಥೆ ನಡೀತಿದ್ದರೆ ಅಮ್ಮನ ಕಿವಿಯಲ್ಲಿ ಚಿಟ್ಟೆ (ಬಟರ್‌ಫ್ಲೈ) ಹಾರುತ್ತಿತ್ತು. ಕೊನೆಗೆ ಆ್ಯಪ್ ಬಿಟ್ಟು, ಅವರು ಐದು ನಿಮಿಷ ಹೇಳುವುದು, ಆಮೇಲೆ ಎರಡು ನಿಮಿಷ ನಾನು ಕನ್ನಡದಲ್ಲಿ ಹೇಳುವುದು ಅಂತ ಮಾಡಿಕೊಂಡೆವು. ಇದರಿಂದ ಹತ್ತು ಜಾಗದ ಪಟ್ಟಿ ಐದಕ್ಕೆ ಇಳಿಯಿತು. ಇಂಗ್ಲಿಷ್ ಮಾರ್ಕೆಟ್ ಅನ್ನೋ ಆಹಾರದ ಮಾರುಕಟ್ಟೆ 1788ರಿಂದ ಇದೆ, ಆದರೆ ನಾವು ಸಸ್ಯಾಹಾರಿಗಳು, ಮಾಂಸದ ಸಾಲಿನ ಮುಂದೆ ಅಮ್ಮ ಸೆರಗು ಮೂಗಿಗೆ ಹಿಡಿದು ಓಡಿದರು. ಅದನ್ನು ಮೊದಲೇ ಕೈಬಿಡಬೇಕಿತ್ತು.

ಬೆಣ್ಣೆಯ ವಿಷಯ ಮಾತ್ರ ಬಿಡಲಿಲ್ಲ, ದಾವಣಗೆರೆಯವರಲ್ವಾ. 1770ರಿಂದ 1924ರವರೆಗೆ ಇಲ್ಲಿ ಬೆಣ್ಣೆಯ ಎಕ್ಸ್‌ಚೇಂಜ್ ಇತ್ತು. ಕೆರ‍್ರಿಯ ಹಳ್ಳಿಗಳಿಂದ ಮರದ ಪೀಪಾಯಿಗಳಲ್ಲಿ ಬಂದ ಬೆಣ್ಣೆಯನ್ನು ತಪಾಸಣೆ ಮಾಡಿ ದರ್ಜೆ ಕಟ್ಟಿ ಹಡಗಿಗೆ ಹಾಕುತ್ತಿದ್ದರು. ಬಿಸಿ ದೇಶಗಳಿಗೆ ಹೋಗುವುದಕ್ಕೆ ಉಪ್ಪು ಜಾಸ್ತಿ. "ಕಾಯಿಸಿ ತುಪ್ಪ ಮಾಡಿದ್ರೆ ಉಪ್ಪು ಯಾಕೆ ಬೇಕಿತ್ತು ಅಂತ ಕೇಳು ಅವ್ರಿಗೆ" ಅಂದರು ಅಮ್ಮ. ಕೇಳಿದೆ. ಗೈಡ್ ಮೇಷ್ಟ್ರ ಹತ್ತಿರ ಉತ್ತರ ಇರಲಿಲ್ಲ.

ಪಕ್ಕದಲ್ಲೇ ಶಾಂಡನ್ ಚರ್ಚಿನ ಗಡಿಯಾರದ ಗೋಪುರ. ನಾಲ್ಕು ಮುಖವೂ ಬೇರೆ ಬೇರೆ ಸಮಯ ತೋರಿಸುತ್ತದೆ ಅಂತ ಜನ ಅದಕ್ಕೆ ನಾಲ್ಕು ಮುಖದ ಸುಳ್ಳುಗಾರ ಅಂತ ಹೆಸರಿಟ್ಟಿದ್ದಾರೆ. ಟಿಕೆಟ್ ತಲೆಗೆ ಆರೋ ಏಳೋ ಯೂರೋ. ತುದಿಗೆ 132 ಮೆಟ್ಟಿಲು, ಆದರೆ ಗಂಟೆಯ ಹಗ್ಗಗಳು ಮೊದಲ ಮಹಡಿಯಲ್ಲೇ ಇವೆ, ಯಾರು ಬೇಕಾದರೂ ಎಳೆಯಬಹುದು. ಎಂಟು ಗಂಟೆಗಳು. ಅಮ್ಮ ಚಿಕ್ಕಂದಿನಲ್ಲಿ ನಾಲ್ಕು ವರ್ಷ ಸಂಗೀತ ಕಲಿತವರು. ಅಲ್ಲಿಟ್ಟಿದ್ದ ಇಂಗ್ಲಿಷ್ ಹಾಡಿನ ನಂಬರ್ ಕಾರ್ಡು ಬದಿಗಿಟ್ಟು, ಒಂದೊಂದೇ ಹಗ್ಗ ಎಳೆದು ನೋಡಿ, "ಎಂಟು ಸ್ವರ ಸರಿಯಾಗೇ ಇದಾವೆ ಕಣೋ" ಅಂತ ಸಂಗೀತದ ಮೊದಲ ಪಾಠ ಸರಳೆ ವರಸೆ ಬಾರಿಸಿಬಿಟ್ಟರು. ಆ ಪಾಠ ಕಲಿಸುವ ರಾಗ ಮಾಯಾಮಾಳವಗೌಳ ಬರಲಿಲ್ಲ, ಆ ಗಂಟೆಗಳಲ್ಲಿ ಶಂಕರಾಭರಣವೇ ಬರೋದು. ಸ ರಿ ಗ ಮ ಇಡೀ ಕಾರ್ಕ್‌ಗೆ ಕೇಳಿಸಿತು.

ಅಪ್ಪನ ಸರದಿ ವಿಶ್ವವಿದ್ಯಾಲಯದಲ್ಲಿ. ನಿವೃತ್ತ ಲೆಕ್ಕದ ಮೇಷ್ಟ್ರು ಅಂತ ಗೈಡ್‌ಗೆ ಮೊದಲೇ ತಿಳಿಸಿದ್ದೆ, ಅವರು ನೇರ ಜಾರ್ಜ್ ಬೂಲ್ ಕಥೆಗೇ ಬಂದರು, ಕಂಪ್ಯೂಟರಿನ ತರ್ಕಕ್ಕೆ ಅಡಿಪಾಯ ಹಾಕಿದ ಗಣಿತಜ್ಞ. 1849ರಲ್ಲಿ ಇಲ್ಲಿನ ಮೊದಲ ಗಣಿತ ಪ್ರೊಫೆಸರ್. 1864ರಲ್ಲಿ ಮಳೆಯಲ್ಲಿ ನಡೆದುಬಂದು, ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿ, ಕಾಯಿಲೆ ಬಿದ್ದು 49ಕ್ಕೇ ತೀರಿಕೊಂಡರು. ಹೆಂಡತಿ ಮೇರಿ, ಭಾರತದ ಸರ್ವೇ ಮಾಡಿದ ಜಾರ್ಜ್ ಎವರೆಸ್ಟ್‌ನ ಅಣ್ಣನೋ ತಮ್ಮನೋ ಆದವನ ಮಗಳು. ಅಲ್ಲಿಂದ ಅಪ್ಪ ಶುರು ಮಾಡಿದರು: ಎವರೆಸ್ಟ್‌ಗಿಂತ ಮುಂಚೆ ಆ ಸರ್ವೇ ನಡೆಸಿದವನು ಲ್ಯಾಂಬ್ಟನ್, ಅವನು 1800ರಲ್ಲಿ ಬೆಂಗಳೂರಲ್ಲೇ ಬೇಸ್‌ಲೈನ್, ಅಂದರೆ ಸರ್ವೇಗೆ ಆಧಾರದ ಗೆರೆ, ಅಳೆದದ್ದು. ಗೈಡ್ ತಮ್ಮ ನೋಟ್‌ಬುಕ್ ತೆಗೆದು ಬರೆದುಕೊಂಡರು. ಅವತ್ತಿನ ಫೀಸಲ್ಲಿ ಸ್ವಲ್ಪ ವಾಪಸ್ ಕೇಳಬೇಕಿತ್ತು ಅಂತ ನನ್ನ ಹೆಂಡತಿ ಇವತ್ತಿಗೂ ರೇಗಿಸುತ್ತಾಳೆ.

ಕೋವ್‌ಗೆ ರೈಲಲ್ಲಿ 25 ನಿಮಿಷ. ಟೈಟಾನಿಕ್ 1912ರ ಏಪ್ರಿಲ್ 11ಕ್ಕೆ ಕೊನೆಯದಾಗಿ ನಿಂತ ಬಂದರು. ಎಲ್ಲರಿಗೂ ಗೊತ್ತಿರುವುದೇ, ಜಾಸ್ತಿ ಬರೆಯಲ್ಲ. ಸಾಲು ಮನೆ ಮತ್ತು ಚರ್ಚು ಎರಡೂ ಒಟ್ಟಿಗೆ ಬರುವ ಫೋಟೋ ಜಾಗಕ್ಕೆ ಕ್ಯೂ ಇಲ್ಲದ ಇನ್ನೊಂದು ದಾರಿ ಇದೆ, ಅದನ್ನೂ ನೀವೇ ಹುಡುಕಿ.

ಕಾರಿನ ದಿನ ಕಿನ್ಸೇಲ್ ಅನ್ನೋ ಊರಿಗೆ ಅಂತ ಇತ್ತು. ಹಿಂದಿನ ಸಂಜೆ ಗೈಡೇ ಕೇಳಿದರು, ನೀವು ಭಾರತದವರು, ಅಹಕಿಸ್ತಾಗೆ ಹೋಗೋಣವಾ ಅಂತ. ನನ್ನ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಹೋಗಿ ಬರಲೇ ನಾಲ್ಕು ಗಂಟೆ, ಎಲ್ಲ ಸೇರಿ 450 ಯೂರೋ ಆಯಿತು, ಕಿನ್ಸೇಲ್ ಬಿಟ್ಟೆವು. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಬಾಂಬ್ ಸಿಡಿದು ಈ ಕರಾವಳಿಯಾಚೆ ಸಮುದ್ರಕ್ಕೆ ಬಿತ್ತು, ಒಳಗಿದ್ದ 329 ಜನರೂ ತೀರಿಕೊಂಡರು. ಸಿಕ್ಕ ದೇಹಗಳನ್ನು ಕಾರ್ಕ್ ಆಸ್ಪತ್ರೆಗೆ ತಂದಿದ್ದರು. ಅಹಕಿಸ್ತಾದಲ್ಲಿ ನೀರಿನ ದಡದಲ್ಲೊಂದು ಸೂರ್ಯ ಗಡಿಯಾರ, ಗೋಡೆಯ ಮೇಲೆ ಹೆಸರುಗಳು. ಗೈಡ್ ಅಲ್ಲಿ ಒಂದು ಮಾತೂ ಆಡಲಿಲ್ಲ, ಹಿಂದೆ ಸರಿದು ನಿಂತರು. ಅಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರು ಓದುತ್ತಾ ಹೋದರು. ಮಳೆ ಶುರುವಾದರೂ ನಿಲ್ಲಿಸಲಿಲ್ಲ. ಅಮ್ಮ ಕೊಡೆ ಹಿಡಿದು ಪಕ್ಕದಲ್ಲೇ ನಡೆದರು.