ಟ್ರ್ಯಾಕ್ಟರ್‌ಗೆ ಎಷ್ಟು ಅಡಿ ಬ್ಲೇಡ್? ಎಚ್‌ಪಿ ಒಂದನ್ನೇ ನೋಡಿದರೆ ಸಾಲದು

‘ನನ್ನದು 35 ಎಚ್‌ಪಿ ಟ್ರ್ಯಾಕ್ಟರ್. ಹಿಂದಕ್ಕೆ ಎಷ್ಟು ಅಡಿ ಬ್ಲೇಡ್ ಹಾಕಬಹುದು?’ ನೆಲ ಮಟ್ಟ ಮಾಡುವ ಬ್ಲೇಡ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಇದನ್ನೇ. ಪ್ರಶ್ನೆ ತಪ್ಪಲ್ಲ, ಆದರೆ ಅರ್ಧ ಮಾತ್ರ. ಬಾನೆಟ್ ಮೇಲೆ ಬರೆದ ಎಚ್‌ಪಿ ಜೊತೆಗೆ ಟ್ರ್ಯಾಕ್ಟರ್ ಎಷ್ಟು ಅಗಲ, ಎಷ್ಟು ತೂಕ ಅನ್ನುವುದೂ ಗೊತ್ತಿರಬೇಕು. ಬ್ಲೇಡ್ ಎಷ್ಟು ಅಗಲ ಬೇಕು ಎಂದು ಹೇಳುವುದು ಹಿಂದಿನ ಚಕ್ರಗಳು. ಅದು ಎಷ್ಟು ಮಣ್ಣು ಎಳೆದೀತು ಎಂದು ಹೇಳುವುದು ಟ್ರ್ಯಾಕ್ಟರಿನ ತೂಕ. ಎಚ್‌ಪಿಯ ಸರದಿ ಆಮೇಲೆ.

ಮೊದಲು ಟೇಪು ಹಿಡಿಯಿರಿ

ಹಿಂದಿನ ಎರಡು ಟೈರ್‌ಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳತೆ ತೆಗೆಯಿರಿ. ಗಾಲಿಯ ಎತ್ತರದಲ್ಲಿ ಟೇಪು ನೆಟ್ಟಗೆ ನಿಲ್ಲುವುದಿಲ್ಲ, ನಡುವೆ ಏನಾದರೂ ಅಡ್ಡ ಬರುತ್ತದೆ. ಸುಲಭದ ದಾರಿ ಹೀಗಿದೆ: ಟ್ರ್ಯಾಕ್ಟರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎರಡೂ ಟೈರ್‌ಗಳ ಹೊರಮೈಗೆ ತಾಗುವಂತೆ ನೆಲದ ಮೇಲೆ ಒಂದೊಂದು ಇಟ್ಟಿಗೆ ಇಡಿ. ಟ್ರ್ಯಾಕ್ಟರನ್ನು ಮುಂದಕ್ಕೆ ಓಡಿಸಿ, ಇಟ್ಟಿಗೆಗಳ ನಡುವಿನ ಅಂತರ ಅಳೆಯಿರಿ. ಭಾರಕ್ಕೆ ಟೈರ್ ಕೆಳಗೆ ಉಬ್ಬುವುದೂ ಇದರಲ್ಲಿ ಸೇರುತ್ತದೆ. ಕೆಲವು ಟ್ರ್ಯಾಕ್ಟರ್‌ಗಳಲ್ಲಿ ರಿಮ್ ತಿರುಗಿಸಿ ಹಾಕಿ ಚಕ್ರಗಳ ನಡುವಿನ ಅಂತರ ಬದಲಿಸಬಹುದು. ಹಾಗಾಗಿ ಕಂಪನಿ ಪುಸ್ತಕದ ಅಂಕಿಗಿಂತ ನಿಮ್ಮ ಅಳತೆಯೇ ಮುಖ್ಯ.

ಈಗ ಬ್ಲೇಡ್ ಕಡೆ ಬನ್ನಿ. ಬ್ಲೇಡನ್ನು ನೇರವಾಗಿ ಇಟ್ಟು ಕೆಲಸ ಮಾಡುವುದು ಕಡಿಮೆ. ಹೆಚ್ಚಿನ ಹೊತ್ತು ಅದು ಓರೆಯಾಗಿರುತ್ತದೆ, ಮಣ್ಣು ಒಂದು ಬದಿಗೆ ಹರಿದು ಹೋಗಲಿ ಎಂದು. ಓರೆ ಮಾಡಿದಷ್ಟೂ ಅದು ನಿಜವಾಗಿ ಗುಡಿಸುವ ಅಗಲ ಕಡಿಮೆಯಾಗುತ್ತದೆ. 30 ಡಿಗ್ರಿ ಓರೆಯಲ್ಲಿ ಉಳಿಯುವುದು ಸುಮಾರು 87 ಪಾಲು (ನೂರಕ್ಕೆ), 45 ಡಿಗ್ರಿಯಲ್ಲಿ 71 ಪಾಲು ಅಷ್ಟೇ.

ಒಂದು ಲೆಕ್ಕ ನೋಡೋಣ. ಟೈರ್‌ಗಳ ಹೊರ ಅಳತೆ 65 ಇಂಚು ಬಂತು ಎಂದುಕೊಳ್ಳಿ. 6 ಅಡಿ ಬ್ಲೇಡ್ ಅಂದರೆ 72 ಇಂಚು. ನೇರವಾಗಿದ್ದಾಗ ಸಾಕಾಗುತ್ತದೆ. 30 ಡಿಗ್ರಿಗೆ ತಿರುಗಿಸಿದರೆ 62 ಇಂಚು ಚಿಲ್ಲರೆಗೆ ಇಳಿಯಿತು. ಎರಡೂ ಬದಿಯಲ್ಲಿ ಒಂದೊಂದು ಇಂಚಿನಷ್ಟು ಟೈರ್ ಗುರುತು ಹಾಗೇ ಉಳಿಯುತ್ತದೆ. 7 ಅಡಿ ಬ್ಲೇಡ್ ಅದೇ ಓರೆಯಲ್ಲಿ 73 ಇಂಚು ಗುಡಿಸುತ್ತದೆ, ಎರಡೂ ಬದಿಗೆ ನಾಲ್ಕು ನಾಲ್ಕು ಇಂಚು ಉಳಿತಾಯ. ಸೂತ್ರ ಬೇಕಿದ್ದರೆ: ಟೈರ್ ಅಳತೆಯನ್ನು 0.87ರಿಂದ ಭಾಗಿಸಿ, ಬಂದ ಅಂಕಿಗಿಂತ ಮುಂದಿನ ಅಳತೆಯ ಬ್ಲೇಡ್ ಹುಡುಕಿ.

ಒಂದಿಂಚು ಗುರುತು ಉಳಿದರೆ ಏನಾಯಿತು ಅನ್ನಿಸಬಹುದು. ಗುರುತು ದೊಡ್ಡ ವಿಷಯ ಅಲ್ಲ. ತೊಂದರೆ ಬರುವುದು ಮುಂದಿನ ಸಾಲಿನಲ್ಲಿ. ಬ್ಲೇಡಿನ ತುದಿಯಿಂದ ಬಿದ್ದ ಮಣ್ಣಿನ ಸಾಲು ಟೈರಿನ ದಾರಿಯಲ್ಲೇ ಇದ್ದರೆ, ಮರಳಿ ಬರುವಾಗ ಒಂದು ಚಕ್ರ ಅದರ ಮೇಲೆ ಹತ್ತುತ್ತದೆ. ಟ್ರ್ಯಾಕ್ಟರ್ ವಾಲುತ್ತದೆ, ಅದರ ಜೊತೆ ಬ್ಲೇಡೂ ವಾಲುತ್ತದೆ. ಮಟ್ಟ ಮಾಡಲು ಹೋದ ನೆಲ ಇಳಿಜಾರಾಗುತ್ತದೆ.

45 ಡಿಗ್ರಿ ಓರೆಯಲ್ಲಿ ಆ 7 ಅಡಿ ಬ್ಲೇಡೂ ಟೈರ್‌ಗಳನ್ನು ಮುಚ್ಚುವುದಿಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅಷ್ಟು ಓರೆ ಬೇಕಾಗುವುದು ಚರಂಡಿ ತೆಗೆಯುವಂಥ ಕೆಲಸಕ್ಕೆ. ಅಲ್ಲಿ ಬ್ಲೇಡನ್ನು ಒಂದು ಬದಿಗೆ ಸರಿಸಿ ಹಾಕುತ್ತೇವೆ, ಪೂರ್ತಿ ಅಗಲದ ಗೊಡವೆ ಇಲ್ಲ.

ಸೋಲುವುದು ಎಂಜಿನ್ ಅಲ್ಲ, ಚಕ್ರ

ಹಾಗಾದರೆ ಅಗಲ ಜಾಸ್ತಿ ಇದ್ದಷ್ಟೂ ಒಳ್ಳೆಯದಾ? ಅಲ್ಲ. ಅಗಲ ಬ್ಲೇಡ್ ಮುಂದೆ ಹೆಚ್ಚು ಮಣ್ಣು ಸೇರುತ್ತದೆ, ಅದನ್ನು ಎಳೆಯಬೇಕಲ್ಲ. ಇಲ್ಲಿ ಜನ ಎಚ್‌ಪಿ ಲೆಕ್ಕ ತೆಗೆಯುತ್ತಾರೆ. ಆದರೆ ಬ್ಲೇಡ್ ಕೆಲಸ ನಡೆಯುವುದು ನಿಧಾನಕ್ಕೆ, ಗಂಟೆಗೆ 4 ಕಿಲೋಮೀಟರ್ ಆಸುಪಾಸಿನಲ್ಲಿ. ಆ ವೇಗದಲ್ಲಿ ಎಂಜಿನ್ ಶಕ್ತಿ ಮುಗಿಯುವ ಮೊದಲೇ ಚಕ್ರ ಸ್ಲಿಪ್ ಆಗುತ್ತದೆ.

1,800 ಕೆಜಿ ತೂಕದ ಒಂದು ಟ್ರ್ಯಾಕ್ಟರ್ ತೆಗೆದುಕೊಳ್ಳಿ. ಗಟ್ಟಿ ಮಣ್ಣಿನ ಮೇಲೆ ಅದು ತನ್ನ ತೂಕದ ನೂರಕ್ಕೆ 40 ಪಾಲಿನಷ್ಟು ಎಳೆದೀತು, ಅಂದರೆ ಸುಮಾರು 700 ಕೆಜಿ. ಗಂಟೆಗೆ 4 ಕಿಲೋಮೀಟರ್ ಅಂದರೆ ಸೆಕೆಂಡಿಗೆ 1.1 ಮೀಟರ್. ಒಂದು ಎಚ್‌ಪಿ ಅಂದರೆ 75 ಕೆಜಿಯನ್ನು ಸೆಕೆಂಡಿಗೆ ಒಂದು ಮೀಟರ್ ಎತ್ತುವ ಶಕ್ತಿ. 700ನ್ನು 1.1ರಿಂದ ಗುಣಿಸಿ 75ರಿಂದ ಭಾಗಿಸಿದರೆ ಬರುವುದು 10 ಎಚ್‌ಪಿ ಚಿಲ್ಲರೆ. ಉರುಳುವಾಗ, ಸ್ಲಿಪ್ ಆಗುವಾಗ ಒಂದಷ್ಟು ಶಕ್ತಿ ಕಳೆಯುತ್ತದೆ, ಅದನ್ನೂ ಸೇರಿಸಿ. ಆದರೂ 35 ಎಚ್‌ಪಿಯ ಹತ್ತಿರಕ್ಕೂ ಬರುವುದಿಲ್ಲ. ಅದೇ ತೂಕದ ಟ್ರ್ಯಾಕ್ಟರಿಗೆ 50 ಎಚ್‌ಪಿ ಎಂಜಿನ್ ಕೂರಿಸಿದರೂ ಬ್ಲೇಡ್ ಕೆಲಸ ಹೆಚ್ಚು ಮುಂದಕ್ಕೆ ಹೋಗುವುದಿಲ್ಲ.

ಅದಕ್ಕೇ ಹಗುರ ಮೈಯ, ಜಾಸ್ತಿ ಎಚ್‌ಪಿಯ ಟ್ರ್ಯಾಕ್ಟರ್ ಇದ್ದವರು ಬ್ಲೇಡನ್ನು ಎಚ್‌ಪಿ ನೋಡಿ ಆರಿಸಿದರೆ ಕೈ ಸುಟ್ಟುಕೊಳ್ಳುತ್ತಾರೆ. ನಾಲ್ಕು ಚಕ್ರಕ್ಕೂ ಡ್ರೈವ್ ಇದ್ದರೆ ಎಳೆತ ಚೆನ್ನಾಗಿರುತ್ತದೆ. ಬರೀ ಹಿಂದಿನ ಚಕ್ರಕ್ಕೆ ಡ್ರೈವ್ ಇರುವುದಾದರೆ ಟೈರಿಗೆ ನೀರು ತುಂಬಿಸುವುದು, ಗಾಲಿಗೆ ತೂಕ ಕಟ್ಟುವುದು ದೊಡ್ಡ ಬ್ಲೇಡ್ ಕೊಳ್ಳುವುದಕ್ಕಿಂತ ಹೆಚ್ಚು ಉಪಕಾರಿ. ಸಡಿಲ ಮಣ್ಣಿನಲ್ಲಿ ಎಳೆತ ಇನ್ನೂ ಕಡಿಮೆ ಎನ್ನುವುದೂ ನೆನಪಿರಲಿ.

ಬ್ಲೇಡಿನ ತೂಕವನ್ನು ಅಡಿಗೆ ಹಂಚಿ ನೋಡಿ

ಹೆಚ್ಚಿನ ಟ್ರ್ಯಾಕ್ಟರ್‌ಗಳ ಹೈಡ್ರಾಲಿಕ್ ಲಿಫ್ಟ್ ಎತ್ತುತ್ತದೆ, ಆದರೆ ಕೆಳಕ್ಕೆ ಒತ್ತುವುದಿಲ್ಲ. ಇದನ್ನು ಗಮನಿಸದವರೇ ಹೆಚ್ಚು. ಬ್ಲೇಡ್ ನೆಲಕ್ಕೆ ಕಚ್ಚುವುದು ತನ್ನ ಭಾರದಿಂದ ಮತ್ತು ಅಂಚು ನಿಂತ ಕೋನದಿಂದ ಮಾತ್ರ. ಹಗುರ ಬ್ಲೇಡ್ ಗಟ್ಟಿ ನೆಲದ ಮೇಲೆ ಸುಮ್ನೆ ಜಾರಿಕೊಂಡು ಹೋಗುತ್ತದೆ.

ಬ್ಲೇಡಿನ ಒಟ್ಟು ತೂಕವನ್ನು ಅದರ ಅಡಿಗಳಿಂದ ಭಾಗಿಸಿ. 240 ಕೆಜಿಯ 6 ಅಡಿ ಬ್ಲೇಡ್‌ನಲ್ಲಿ ಅಡಿಗೆ 40 ಕೆಜಿ ಬೀಳುತ್ತದೆ. ಅದೇ 240 ಕೆಜಿಯ 8 ಅಡಿ ಬ್ಲೇಡ್‌ನಲ್ಲಿ ಅಡಿಗೆ 30 ಕೆಜಿ. ಅಗಲ ಹೆಚ್ಚಾಯಿತು, ಕಚ್ಚುವ ಬಲ ಕಡಿಮೆಯಾಯಿತು. ಎರಡು ಬ್ಲೇಡ್ ಹೋಲಿಸುವಾಗ ಬೆಲೆಪಟ್ಟಿಗಿಂತ ಮೊದಲು ಈ ಲೆಕ್ಕ ಮಾಡಿ. ಸಡಿಲ ಮರಳು, ಜಲ್ಲಿ ಹರಡುವುದಕ್ಕೆ, ಹಿಮ ತಳ್ಳುವುದಕ್ಕೆ ಹಗುರದ್ದು ನಡೆಯುತ್ತದೆ. ಒಣಗಿ ಕಲ್ಲಾದ ಜೇಡಿಮಣ್ಣಿಗೆ ಭಾರದ್ದೇ ಬೇಕು. ಅಲ್ಲೂ ಮೊದಲು ಕಲ್ಟಿವೇಟರ್ ಹೊಡೆದು ಸಡಿಲ ಮಾಡಿಕೊಳ್ಳುವುದು ಜಾಣತನ.

ಇದರ ಇನ್ನೊಂದು ಮುಖವೂ ಇದೆ. ಪ್ರತಿ ಬ್ಲೇಡಿಗೂ ತಯಾರಕರು ಇಷ್ಟರಿಂದ ಇಷ್ಟು ಎಚ್‌ಪಿ ಎಂದು ಮಿತಿ ಕೊಟ್ಟಿರುತ್ತಾರೆ. ಕೆಳಗಿನ ಅಂಕಿಗಿಂತ ಮೇಲಿನ ಅಂಕಿಯನ್ನು ಗಂಭೀರವಾಗಿ ತೆಗೆದುಕೊಳ್ಳಿ. ಸಣ್ಣ ಟ್ರ್ಯಾಕ್ಟರ್ ದೊಡ್ಡ ಬ್ಲೇಡ್ ಎಳೆಯಲಾಗದೆ ನಿಂತರೆ ನಷ್ಟವೇನಿಲ್ಲ. ದೊಡ್ಡ ಟ್ರ್ಯಾಕ್ಟರ್ ಸಣ್ಣ ಬ್ಲೇಡನ್ನು ನಿಲ್ಲದೆ ಎಳೆದುಕೊಂಡು ಹೋಗಿ ಹೂತ ಬಂಡೆಗೋ ಮರದ ಬುಡಕ್ಕೋ ಗುದ್ದಿಸಿತು ಎಂದುಕೊಳ್ಳಿ, ಬ್ಲೇಡಿನ ಚೌಕಟ್ಟು ಬಾಗುತ್ತದೆ. ತುದಿಗೆ ಪೆಟ್ಟು ಬಿದ್ದರಂತೂ ಕೆಟ್ಟದ್ದು. 8 ಅಡಿ ಬ್ಲೇಡಿನ ತುದಿ, ಬ್ಲೇಡ್ ತಿರುಗುವ ನಡುವಿನ ಪಿನ್ನಿನಿಂದ 4 ಅಡಿ ದೂರ, ಬದಿಗೆ ಒಂದಡಿ ಸರಿಸಿದ್ದರೆ ಲಿಂಕೇಜಿನ (ಬ್ಲೇಡನ್ನು ಟ್ರ್ಯಾಕ್ಟರಿಗೆ ಜೋಡಿಸುವ ತೋಳುಗಳ) ನಡುಗೆರೆಯಿಂದ 5 ಅಡಿ. ಅಷ್ಟು ಉದ್ದದ ಸನ್ನೆಗೋಲು ಕೊಡುವ ತಿರುಚು ಪೂರ್ತಿ ಆ ಪಿನ್ನಿಗೆ, ಚೌಕಟ್ಟಿಗೆ, ಟ್ರ್ಯಾಕ್ಟರಿನ ಲೋವರ್ ಲಿಂಕ್‌ಗಳಿಗೆ (ಕೆಳಗಿನ ಎರಡು ತೋಳುಗಳಿಗೆ) ಹೋಗುತ್ತದೆ. ಪೆಟ್ಟು ಬಿದ್ದಾಗ ತಾನೇ ತುಂಡಾಗುವ ಶಿಯರ್ ಬೋಲ್ಟ್ ಇರುವ ಬ್ಲೇಡ್ ಸಿಕ್ಕರೆ ಒಳ್ಳೆಯದು. ಬ್ಲೇಡ್ ಹಿಂದುಮುಂದು ತಿರುಗಿಸಿ ರಿವರ್ಸ್‌ನಲ್ಲಿ ಮಣ್ಣು ತಳ್ಳುವ ಯೋಚನೆ ಇದ್ದರೆ, ಅದಕ್ಕೆ ತಯಾರಕರ ಒಪ್ಪಿಗೆ ಇದೆಯೇ ನೋಡಿಕೊಳ್ಳಿ.

ಎತ್ತಿದಾಗ ಮುಂದಿನ ಚಕ್ರ

ಲಿಫ್ಟ್ ಎಷ್ಟು ಕೆಜಿ ಎತ್ತುತ್ತದೆ ಎಂದು ಪುಸ್ತಕದಲ್ಲಿ ಇರುತ್ತದೆ. ಆ ಅಂಕಿ ಲೋವರ್ ಲಿಂಕಿನ ತುದಿಯಲ್ಲಿ ಅಳೆದದ್ದಾ, ಅಥವಾ ಅಲ್ಲಿಂದ 610 ಮಿಮೀ ಹಿಂದೆ ಅಳೆದದ್ದಾ ಎಂದು ನೋಡಿ. ಬ್ಲೇಡಿನ ಭಾರ ಇನ್ನೂ ಹಿಂದೆ ಇರುವುದರಿಂದ ಎರಡನೆಯದೇ ಸತ್ಯಕ್ಕೆ ಹತ್ತಿರ.

ಎತ್ತಿದರೆ ಸಾಲದು, ಸ್ಟೀರಿಂಗೂ ಕೇಳಬೇಕು. 250 ಕೆಜಿ ಬ್ಲೇಡಿನ ಭಾರ ಹಿಂದಿನ ಆಕ್ಸಲ್‌ನಿಂದ 1.8 ಮೀಟರ್ ಹಿಂದೆ ಇದ್ದು, ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆಯೂ 1.8 ಮೀಟರ್ ಇದ್ದರೆ, ಬ್ಲೇಡ್ ಎತ್ತಿದ ಕೂಡಲೇ ಮುಂದಿನ ಚಕ್ರಗಳ ಮೇಲಿನ ಭಾರ 250 ಕೆಜಿ ಇಳಿಯುತ್ತದೆ. ಮುಂದಿನ ಆಕ್ಸಲ್ ಮೇಲೆ ಟ್ರ್ಯಾಕ್ಟರ್ ತೂಕದ ಐದನೇ ಒಂದು ಪಾಲಾದರೂ ಉಳಿಯಬೇಕು ಎಂಬುದು ರೂಢಿಯ ನಿಯಮ. ಉಳಿಯದಿದ್ದರೆ ಮುಂದೆ ತೂಕ ಕಟ್ಟಿ.

ಪಿನ್ನು

ಇದು ಐದು ನಿಮಿಷದ ಕೆಲಸ, ಆದರೆ ಕೊಳ್ಳುವ ಮುಂಚೆಯೇ ಆಗಬೇಕು. ಲಿಂಕೇಜ್‌ಗೆ ಕೆಟಗರಿ ಎಂಬ ಅಳತೆಗಳಿವೆ. ಕೆಟಗರಿ 1 ಲಿಂಕೇಜ್‌ನಲ್ಲಿ ಲೋವರ್ ಲಿಂಕ್ ಪಿನ್ 22 ಮಿಮೀ ದಪ್ಪ, ಟಾಪ್ ಲಿಂಕ್ (ಮೇಲಿನ ಒಂದು ತೋಳು) ಪಿನ್ 19 ಮಿಮೀ. ಕೆಟಗರಿ 2ರಲ್ಲಿ ಕ್ರಮವಾಗಿ ಸುಮಾರು 28 ಮತ್ತು 25 ಮಿಮೀ. ಸಣ್ಣ ಪಿನ್ನಿನ ಬ್ಲೇಡನ್ನು ದೊಡ್ಡ ತೂತಿನ ಟ್ರ್ಯಾಕ್ಟರಿಗೆ ಬುಷ್ (ಪಿನ್ನಿನ ಮೇಲೆ ತೊಡಿಸುವ ಕೊಳವೆ) ಹಾಕಿ ಕೂಡಿಸಬಹುದು. ಉಲ್ಟಾ ಆದರೆ ಬುಷ್ ಕೆಲಸಕ್ಕೆ ಬರುವುದಿಲ್ಲ. ಓರೆ, ವಾಲಿಕೆಗಳನ್ನು ಹೈಡ್ರಾಲಿಕ್‌ನಿಂದಲೇ ಬದಲಿಸುವ ಬ್ಲೇಡ್ ಬೇಕಿದ್ದರೆ ಟ್ರ್ಯಾಕ್ಟರಿನ ಹಿಂದೆ ಪ್ರತಿ ಸಿಲಿಂಡರಿಗೆ ಒಂದು ಜೊತೆ ಹೈಡ್ರಾಲಿಕ್ ಔಟ್‌ಲೆಟ್ ಇರಬೇಕು.

ಕಟ್ಟಿ, ಎಳೆದು ನೋಡಿ

ಸ್ವಲ್ಪ ಹಸಿ ಇರುವ ಮಣ್ಣಿನಲ್ಲಿ, ಬ್ಲೇಡನ್ನು 30 ಡಿಗ್ರಿ ಓರೆಗೆ ಇಟ್ಟು ಲೋ ಗೇರಿನಲ್ಲಿ ಹೊರಡಿ. ಕಚ್ಚದೆ ಜಾರುತ್ತಿದ್ದರೆ ಟಾಪ್ ಲಿಂಕನ್ನು ಕೆಲವು ಸುತ್ತು ಉದ್ದ ಮಾಡಿ. ಬ್ಲೇಡಿನ ತಲೆ ಹಿಂದಕ್ಕೆ ವಾಲಿ, ಕೆಳ ಅಂಚು ಮುಂದಕ್ಕೆ ಚಾಚಿ ಕೆತ್ತಲು ಶುರು ಮಾಡುತ್ತದೆ. ಜಾಸ್ತಿ ಅಗೆಯುತ್ತಿದ್ದರೆ ಗಿಡ್ಡ ಮಾಡಿ. ಕಡೆಯ ಸುತ್ತಿನಲ್ಲಿ ನೆಲ ಸವರುವುದಕ್ಕೂ ಗಿಡ್ಡ ಲಿಂಕೇ ಸರಿ.

ಎಂಜಿನ್ ಆರಾಮಾಗಿದ್ದು ಚಕ್ರ ಮಾತ್ರ ಸುತ್ತುತ್ತಿದ್ದರೆ ಬ್ಲೇಡ್ ಸ್ವಲ್ಪ ಎತ್ತಿ, ಒಂದೇ ಸಲಕ್ಕೆ ಕಡಿಮೆ ಮಣ್ಣು ತೆಗೆಯಿರಿ. ಪ್ರತಿ ಸಾಲಿನಲ್ಲೂ ಹೀಗೇ ಆದರೆ ಟ್ರ್ಯಾಕ್ಟರಿಗೆ ತೂಕ ಸಾಲುತ್ತಿಲ್ಲ, ಅಥವಾ ಬ್ಲೇಡ್ ಒಂದು ಅಳತೆ ದೊಡ್ಡದಾಗಿದೆ. ಚಕ್ರ ಹಿಡಿದುಕೊಂಡೇ ಎಂಜಿನ್ ಕುಗ್ಗಿದರೆ ಇನ್ನೊಂದು ಗೇರ್ ಇಳಿಸಿ.

ನೆಲ ಅಲೆ ಅಲೆಯಾಗಿ ಬರುತ್ತಿದ್ದರೆ ಬ್ಲೇಡನ್ನೇ ಬೈಯಬೇಡಿ. ಮುಂದಿನ ಚಕ್ರ ದಿಬ್ಬ ಹತ್ತಿದಾಗ ಹಿಂದಿನ ಬ್ಲೇಡ್ ಕೆಳಗಿಳಿದು ಅಗೆಯುತ್ತದೆ, ಹಿಂದಿನ ಚಕ್ರ ಹತ್ತಿದಾಗ ಮೇಲೇಳುತ್ತದೆ. ವೇಗ ಇಳಿಸಿ, ಓರೆ ಬದಲಿಸಿ, ಅದೇ ಜಾಗದಲ್ಲಿ ಇನ್ನೊಂದು ದಿಕ್ಕಿನಿಂದ ಬನ್ನಿ. ತುಂಬಾ ಹಠ ಮಾಡುವ ನೆಲಕ್ಕೆ ಬ್ಲೇಡಿನ ಹಿಂದೆ ಗೇಜ್ ಚಕ್ರ (ಬ್ಲೇಡಿನ ಎತ್ತರ ಹಿಡಿದಿಡುವ ಚಕ್ರ) ಹಾಕಿಸಬಹುದು.

ಓರೆ ಬದಲಿಸುವ ಪಿನ್ ತೆಗೆಯುವಾಗ ಬ್ಲೇಡ್ ನೆಲದ ಮೇಲಿರಲಿ, ಎಂಜಿನ್ ಆಫ್ ಆಗಿರಲಿ. ಮೊದಲ ದಿನದ ಕೆಲಸ ಮುಗಿದ ಮೇಲೆ ಕೆಳ ಅಂಚಿನ ಬೋಲ್ಟ್‌ಗಳನ್ನೆಲ್ಲ ಒಮ್ಮೆ ಬಿಗಿ ಮಾಡಿ, ಹೊಸ ಬ್ಲೇಡಿನಲ್ಲಿ ಅವು ಸಡಿಲಾಗುವುದು ಸಾಮಾನ್ಯ. ಅಂಚು ಸವೆದು ಹಿಂದಿನ ತಗಡಿಗೆ ತಾಗುವ ಮೊದಲೇ ಅದನ್ನು ಬಿಚ್ಚಿ ತಲೆಕೆಳಗು ಮಾಡಿ ಹಾಕಿ. ಎರಡೂ ಬದಿ ಸವೆಯುವಂತೆ ಮಾಡಿದ ಅಂಚುಗಳಾದರೆ ಇನ್ನೊಂದು ಬಾಳಿಕೆ ಸಿಗುತ್ತದೆ.